ಅರ್ಧ ಮೂಲೆಯ ಚಾಕು

ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನನ್ನ ತಲೆ ಹೆಣೆದದ್ದು ಎಂಬುದು ನನಗೇ ಖಾತ್ರಿಯಿಲ್ಲ. ನನ್ನ ಮಾವ, ಅಂದರೆ ಅಪ್ಪನ ಅಕ್ಕನ ಗಂಡ, ಮದುವೆಗೆ ಹೋದರೆ ಹೆಣ್ಣನ್ನೂ ನೋಡುತ್ತಿರಲಿಲ್ಲ, ಗಂಡನ್ನೂ ನೋಡುತ್ತಿರಲಿಲ್ಲ, ನೆಟ್ಟಗೆ ಹಿಂಬದಿಗೆ ಹೋಗಿ ಅಡುಗೆಯವರ ಚಾಕು ನೋಡುತ್ತಿದ್ದರು! ಇದು ನಿಜವೇ? ನನ್ನ ಮದುವೆಯ ದಿನ ಹಡಗಲಿಯ ಕಲ್ಯಾಣಮಂಟಪದ ಅಡುಗೆಮನೆಯಲ್ಲಿ ಅವರು ಅಂಗಿಯ ತೋಳು ಮಡಿಚಿ ಕೂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಡುಗೆಯವನು ಗಾಬರಿಯಿಂದ, "ಏನ್ರಿ ಯಜಮಾನ್ರ, ಚಾಕು ಯಾಕ ತಗೊಂಡ್ರಿ?" ಎಂದದ್ದು, ಮಾವ ತಲೆಯೆತ್ತದೆ, "ಇದು ಚಾಕು ಅಲ್ಲೋ ತಮ್ಮಾ, ಚಮಚ. ತಡಿ, ಚಾಕು ಮಾಡಿ ಕೊಡ್ತೀನಿ" ಎಂದದ್ದು, ಎರಡೂ ಕಿವಿಯಲ್ಲಿವೆ. ಒಂದೇ ತೊಂದರೆ. ಆ ಹೊತ್ತಿನಲ್ಲಿ ನಾನು ಬಾಸಿಂಗ ಕಟ್ಟಿಕೊಂಡು ಹಸೆಯ ಮೇಲೆ ಕೂತಿದ್ದೆ. ಮದುಮಗ ಅಡುಗೆಮನೆಯಲ್ಲಿ ಹೇಗಿದ್ದಾನು?

ಹೆಂಡತಿಯನ್ನು ಕೇಳಿದೆ. ಮಾವ ಮಸೆದುಕೊಟ್ಟ ಚಾಕುವಿನಿಂದ ನಾಲ್ಕು ಜನ ಅಡುಗೆಯವರು ಬೆರಳು ಕೊಯ್ದುಕೊಂಡರಲ್ಲ, ಅದಾದರೂ ನಿಜವಲ್ಲವೇ ಎಂದೆ.

"ನಾಲ್ಕು ಮಂದಿ ಅಲ್ಲ, ಒಬ್ಬ" ಅಂದಳು. "ಅವನೂ ಕೊಬ್ಬರಿ ತುರಿಯೋ ಮುಂದ ಮಾಡ್ಕೊಂಡಿದ್ದ. ನಿಮ್ಮ ಮಾವನ ಹೆಸರು ಸುಮ್ನ ಕೆಡಸಬ್ಯಾಡ್ರಿ."

ಯೂನಿವರ್ಸಿಟಿಯಲ್ಲಿ ಓದಿದ್ದರಿಂದ ನನಗಾದ ದೊಡ್ಡ ನಷ್ಟವೆಂದರೆ ಇದು. ಯಾವುದನ್ನೂ ಒಬ್ಬನ ಸಾಕ್ಷಿಯ ಮೇಲೆ ನಂಬಬಾರದು ಎಂದು ಕಲಿಸಿದರು. ಆ ಒಬ್ಬ ನಾನೇ ಆಗಿದ್ದರೆ ಏನು ಮಾಡಬೇಕೆಂದು ಕಲಿಸಲಿಲ್ಲ. ಮಾವ ತೀರಿಕೊಂಡ ಮೇಲಂತೂ ಈ ರೋಗ ಹೆಚ್ಚಾಗಿದೆ. ಸತ್ತವರ ಬಗ್ಗೆ ನೆನಪು ತಾನಾಗಿಯೇ ಚೆಂದವಾಗುತ್ತಾ ಹೋಗುತ್ತದೆ. ಚೆಂದವಾದದ್ದನ್ನು ಕಂಡರೆ ನನಗೆ ಅನುಮಾನ.

ಅನುಮಾನವಿಲ್ಲದ ಸಂಗತಿಯಿಂದಲೇ ಶುರು ಮಾಡುತ್ತೇನೆ. ಕೊಟ್ಟೂರಿನ ಬಜಾರಿನಲ್ಲಿ ಮಾವನದೊಂದು ಸ್ಟೀಲ್ ಪಾತ್ರೆಯ ಅಂಗಡಿಯಿತ್ತು. ತಟ್ಟೆ, ಲೋಟ, ಕೊಡ, ಡಬರಿ ಎಲ್ಲವನ್ನೂ ಬೇರೆಯವರಂತೆಯೇ ಮಾರುತ್ತಿದ್ದರು. ಯಾರಾದರೂ ಚಾಕು ಕೇಳಿದರೆ ಮಾತ್ರ ಮುಗಿಯಿತು! ಕುರ್ಚಿ ಹಾಕಿ ಕೂಡಿಸುವರು, ಎದುರಿಗೆ ಕೂರುವರು, ಹೆಣ್ಣು ಕೊಡುವವರಂತೆ ವಿಚಾರಣೆ ನಡೆಸುವರು. ಒಮ್ಮೆ ಇಟ್ಟಿಗಿಯಿಂದ ಬಂದ ರೈತನೊಬ್ಬನ ಜೊತೆ ನಡೆದ ಸಂಭಾಷಣೆ ಹೀಗಿತ್ತು. ನಾನು ಅಲ್ಲೇ ಇದ್ದೆ, ಇದ್ದೆನೆಂದೇ ಅಂದುಕೊಂಡಿದ್ದೇನೆ.

"ಏನು ಹೆಚ್ಚತೀಯಪಾ ಇದರಾಗ?"

"ಕಾಯಿಪಲ್ಲೆ ಹೆಚ್ಚತೀವ್ರಿ. ಮತ್ತೇನು ಹೆಚ್ತಾರ?"

"ಅಂದ್ರ ಯಾವ ಕಾಯಿ? ಕುಂಬಳಕಾಯೋ, ಟೊಮೇಟೋನೋ?"

"ಎರಡೂ ತಿಂತೀವ್ರಿ ಸಾವ್ಕಾರ್ರ."

"ತಿನ್ನಪಾ. ಬ್ಯಾಡ ಅನ್ನಾಕ ನಾ ಯಾರು? ಆದ್ರ ಎರಡಕ್ಕೂ ಒಂದ ಬಾಯಿ ನಡಿಯಂಗಿಲ್ಲ."

"ನಮ್ಮನ್ಯಾಗ ಎರಡೂ ಒಂದ ಬಾಯಾಗ ತಿಂತೀವ್ರಿ!" ಎಂದು ಅವನು ಎದ್ದ. ಮಾವ ಅವನ ಹೆಗಲು ಒತ್ತಿ ಮತ್ತೆ ಕೂಡಿಸಿದರು.

ಅವರ ಸಿದ್ಧಾಂತ ಇಷ್ಟೇ. ಫ್ಯಾಕ್ಟರಿಯವನು ಚಾಕುವನ್ನು ಯಾರಿಗೆಂದು ಮಾಡುತ್ತಾನೆ? ಯಾರಿಗೂ ಅಲ್ಲ. ಯಾವ ಊರಿನ ಯಾವ ಹೆಂಗಸು ಏನು ಹೆಚ್ಚುತ್ತಾಳೆಂದು ಅವನಿಗೆ ಗೊತ್ತಿಲ್ಲ. ಆದ್ದರಿಂದ ಹೆದರಿಕೊಂಡು ಬಾಯಿಗೆ, ಅಂದರೆ ಕತ್ತರಿಸುವ ಅಂಚಿಗೆ, ದಪ್ಪ ಓರೆ ಕೊಟ್ಟು ಕಳಿಸುತ್ತಾನೆ. ಬೇಗ ಹಾಳಾಗಬಾರದು, ಯಾರೂ ವಾಪಸ್ ತರಬಾರದು, ಅಷ್ಟೇ ಅವನ ಚಿಂತೆ. ಉಕ್ಕು ಅದೇ, ಹಿಡಿ ಅದೇ. ಬಾಯಿಯ ಎರಡೂ ಕಡೆಯ ಓರೆಯನ್ನು ಸ್ವಲ್ಪ ಸಪೂರ ಮಾಡಿದರೆ ಅದೇ ಚಾಕು ಟೊಮೇಟೋದ ಸಿಪ್ಪೆಯ ಮೇಲೆ ಇಟ್ಟರೆ ಸಾಕು, ತಾನೇ ಇಳಿಯುತ್ತದೆ. ಆದರೆ ಸಪೂರವಾದಷ್ಟೂ ಅದು ಕುಂಬಳಕಾಯಿಗೆ, ತೆಂಗಿನಕಾಯಿಗೆ ತಡೆಯುವುದಿಲ್ಲ. ಚೂರು ಚೂರಾಗಿ ಕಿತ್ತು ಬರುತ್ತದೆ. ಹರಿತ ಬೇಕೋ, ಬಾಳಿಕೆ ಬೇಕೋ?

ಓರೆ ಅಳೆಯಲು ಅವರ ಬಳಿ ಯಂತ್ರವಿರಲಿಲ್ಲ, ಹಳೆಯ ಲಗ್ನಪತ್ರಿಕೆಗಳಿದ್ದವು. ಪತ್ರಿಕೆಯ ಚೌಕ ಮೂಲೆಯನ್ನು ಒಮ್ಮೆ ಮಡಿಚಿದರೆ ಅರ್ಧ ಮೂಲೆ, ಮತ್ತೊಮ್ಮೆ ಮಡಿಚಿದರೆ ಕಾಲು ಮೂಲೆ, ಇನ್ನೊಮ್ಮೆ ಮಡಿಚಿದರೆ ಅರೆಕಾಲು. ಆ ಮಡಿಕೆಯನ್ನು ಸಾಣೆಕಲ್ಲಿನ ಮೇಲಿಟ್ಟು, ಅದರ ಇಳಿಜಾರಿಗೆ ಚಾಕು ಒರಗಿಸಿ, ಕೈಗೆ ಆ ಓರೆ ಹತ್ತಿದ ಮೇಲೆ ಕಾಗದ ಎಳೆದುಕೊಂಡು ಮಸೆಯುವರು. ಕಾಲು ಮೂಲೆಗೆ ಅವರಿಟ್ಟ ಹೆಸರು 'ಕಂಪನಿ ಓರಿ'. ಟೊಮೇಟೋ, ಉಳ್ಳಾಗಡ್ಡಿಯವರಿಗೆ ಅರೆಕಾಲು. ಕುಂಬಳಕಾಯಿಯವರಿಗೆ ಕಂಪನಿ ಓರೆಯೇ ಇರಲಿ, ಆದರೆ ನೆಟ್ಟಗಿರಲಿ. ಲಗ್ನಪತ್ರಿಕೆಯ ದಂಪತಿಗಳು ಆಮೇಲೆ ಹೇಗೆ ಬಾಳಿದರೋ ತಿಳಿಯದು, ಅವರ ಹೆಸರಿನ ಮೇಲೆ ಸುತ್ತಲ ಊರುಗಳ ಚಾಕುಗಳೆಲ್ಲ ಹರಿತವಾದವು.

ನಮ್ಮ ಕಡೆಯ ಅರಸೀಕೆರೆಯ ಹೆಂಗಸೊಬ್ಬಳು ಬರೀ ಟೊಮೇಟೋಗೆ ಎಂದು ಆಣೆ ಮಾಡಿ ಅರೆಕಾಲು ಓರೆಯ ಚಾಕು ಒಯ್ದು, ಮುಂದಿನ ಸಂತೆಗೆ ವಾಪಸ್ ತಂದಳು. ಬಾಯಿ ಗರಗಸದಂತೆ ಆಗಿತ್ತು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ತಂಗೀ, ನಿಮ್ಮೂರಾಗ ಟೊಮೇಟೋಕ್ಕ ಕರಟ ಇರ್ತೈತೇನು?"

"ಇಲ್ರೀ ಯಣ್ಣ, ಒಂದ ಸರ್ತಿ ತೆಂಗಿನಕಾಯಿ ಒಡದ್ವಿ, ಅಷ್ಟ."

"ಒಂದ ಸರ್ತಿ ಬಾವ್ಯಾಗ ಬಿದ್ದೆ, ಅಷ್ಟ, ಅಂದಂಗಾತು ನೋಡು!"

ಬೈದರು, ಮುಖ ಕಿವುಚಿದರು, ಆಮೇಲೆ ಹಣ ತೆಗೆದುಕೊಳ್ಳದೆ ಇಡೀ ಮಧ್ಯಾಹ್ನ ಕೂತು ಹೊಸ ಬಾಯಿ ಮಾಡಿಕೊಟ್ಟರು. ಹೀಗೆ ವ್ಯಾಪಾರ ಮಾಡಿದರೆ ಅಂಗಡಿ ಉಳಿದೀತೇ? ಅವರಿರುವ ತನಕ ಹೇಗೋ ಉಳಿಯಿತು, ಆಮೇಲೆ ಉಳಿಯಲಿಲ್ಲ. ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಮೊನ್ನೆ ಹೋಗಿ ನಿಂತಿದ್ದೆ. "ಯಾವ ಮಾಡೆಲ್ ಸರ್?" ಎಂದು ಕೇಳಿದರು. ಅಂತೂ ಅಲ್ಲಿ ಇವತ್ತಿಗೂ ವಿಚಾರಿಸಿಯೇ ಮಾರುತ್ತಾರಲ್ಲ ಎಂದುಕೊಂಡು, ನಗಲು ಹೋಗಿ, ನಗಲಾಗದೆ ಬಂದೆ.

ಇಂಥ ಮಾವನ ಮನೆಯಲ್ಲಿದ್ದ ಚಾಕುವಿನ ವಿಷಯಕ್ಕೆ ಬರುತ್ತೇನೆ. ಅದು ಬಾಳೆಹಣ್ಣನ್ನು ಕತ್ತರಿಸುತ್ತಿತ್ತು. ಅದೂ ಚೆನ್ನಾಗಿ ಹಣ್ಣಾಗಿದ್ದರೆ!

ಬೀದಿಗೆಲ್ಲ ಅದೊಂದು ತಮಾಷೆಯಾಗಿತ್ತು. ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಊರ ಮಂದಿಗೆಲ್ಲ ಹರಿತ ಮಾಡಿ ಕೊಡ್ತೀರಿ, ನನ್ನ ಚಾಕಿಗೆ ಬೆಣ್ಣಿನೂ ಹರಿಯಂಗಿಲ್ಲ ನೋಡ್ರಿ!" ಮಾವ ಪಡಸಾಲೆಯಲ್ಲಿ ಕಲ್ಲಿಟ್ಟುಕೊಂಡು, ನೀರು ಚಿಮುಕಿಸಿ, ಕರ್ರ್ ಕರ್ರ್ ಎಂದು ಬೀದಿಗೆಲ್ಲ ಕೇಳುವಂತೆ ಮಸೆಯುವರು. ಅತ್ತೆ ಚಾಕು ಇಸಿದುಕೊಂಡು ಬಾಯಿಯ ಮೇಲೆ ಹೆಬ್ಬೆರಳು ಆಡಿಸಿ, "ಹಾಂ, ಈಗ ಸರಿ ಆತು" ಎನ್ನುವಳು. ಒಳಗೆ ಹೋಗಿ ಬದನೆಕಾಯಿಯ ಮೇಲೆ ಇಡುವಳು. ಬದನೆಕಾಯಿ ಜಾರಿ ಒಲೆಯ ಹಿಂದೆ ಹೋಗುವುದು. ಮತ್ತೆ ಕೂಗು.

ಇದು ಮೊದಲಿನಿಂದ ಹೀಗಿರಲಿಲ್ಲ. ಒಂದು ಕಾಲದಲ್ಲಿ ಆ ಚಾಕು ಮಾವನ ಕೈಯ ಅತ್ಯಂತ ಹರಿತವಾದ ಚಾಕು; ಅರೆಕಾಲಿಗಿಂತಲೂ ಸಪೂರ. ಬಂದವರಿಗೆಲ್ಲ ಅದರಲ್ಲಿ ಈರುಳ್ಳಿಯ ಪೊರೆ ಬಿಡಿಸಿ ತೋರಿಸುತ್ತಿದ್ದರು. ಅತ್ತೆಗೂ ಅದರ ಹೆಮ್ಮೆ ಕಡಿಮೆಯಿರಲಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಒಂದು ಬೆಳಗ್ಗೆ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಚಹ ಕುಡಿಯುತ್ತಿದ್ದೆ. ಅತ್ತೆ ಉಳ್ಳಾಗಡ್ಡಿ ಹೆಚ್ಚುತ್ತಾ ಯಾರದೋ ಸೊಸೆಯ ವಿಷಯ ಹೇಳುತ್ತಿದ್ದಳು. ಹೆಚ್ಚಿದ ಉಳ್ಳಾಗಡ್ಡಿ ಕೆಂಪಾಗುತ್ತಿತ್ತು. ಇದು ಎಂಥ ಉಳ್ಳಾಗಡ್ಡಿ ಎಂದು ನೋಡುತ್ತಲೇ ಇದ್ದೆ.

"ಅತ್ತೀ, ಬಟ್ಟು!" ಎಂದೆ, ಅವಳ ಬೆರಳು ತೋರಿಸಿ.

"ಯಾವ ಬಟ್ಟು?" ಎಂದಳು ಅತ್ತೆ, ಹೆಚ್ಚುತ್ತಲೇ.

ಈ ಮಾತನ್ನು ಮಾತ್ರ ನನ್ನ ತಲೆ ಹೆಣೆದಿಲ್ಲ. ಹೆಣೆಯುವ ಹಾಗಿದ್ದರೆ ಬೇರೆ ಏನನ್ನಾದರೂ ಹೆಣೆಯುತ್ತಿತ್ತು.

ಬೆರಳ ತುದಿಗಳಲ್ಲಿ ಸ್ಪರ್ಶವೇ ಹೊರಟುಹೋಗಿತ್ತು. ಗಾಯ ಮಾಯಲು ತಿಂಗಳುಗಟ್ಟಲೆ ಹಿಡಿಯಿತು. ಇನ್ನೊಮ್ಮೆ ಹೀಗಾದರೆ ಬೆರಳು ಉಳಿಸುವುದು ಕಷ್ಟ ಎಂದರು ಡಾಕ್ಟರು. ಅತ್ತೆಯ ಮಗಳು ಅವತ್ತೇ ತೀರ್ಮಾನ ಹೇಳಿದಳು. ಇವಳ ಪರಿಚಯ ಮಾಡಿಕೊಡಬೇಕು: ಗುಡೇಕೋಟೆಯ ಕಡೆ ಶಾಲೆಯಲ್ಲಿ ಟೀಚರು, ಗಂಡನ ಜೊತೆ ಅದೇ ಮನೆಯ ಮಹಡಿಯ ಮೇಲೆ ಸಂಸಾರ. ಇವಳನ್ನು ನನಗೆ ತರುವ ಮಾತು ಹಿಂದೊಮ್ಮೆ ಹಿರಿಯರಲ್ಲಿ ಎದ್ದಿತ್ತಂತೆ. 'ಅವನು ತಾಳಿ ಕಟ್ಟಾಕೂ ಸಾಕ್ಷಿ ಕೇಳ್ತಾನ, ಬ್ಯಾಡ' ಎಂದು ಇವಳೇ ಕೈಬಿಟ್ಟಳಂತೆ. ಬುದ್ಧಿವಂತೆ.

"ಅವ್ವಾ, ಇನ್ನ ಸಾಕು. ನೀ ಒಲಿ ಬಿಡು. ಊಟ ಮ್ಯಾಲಿಂದ ಬರ್ತೈತಿ" ಅಂದಳು ಅವಳು.

ಅತ್ತೆ ಬ್ಯಾಂಡೇಜಿನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, "ನನ್ನ ಕೈಯಾಗಿನ ಚಾಕು ಕಸ್ಕೊಂಡ ಮ್ಯಾಲೆ ನಾ ಈ ಮನ್ಯಾಗ ಯಾಕಿರ್ಬೇಕು?" ಎಂದಳು. "ಫೋಟೋ ಹಂಗ ಗ್ವಾಡಿಗೆ ತೂಗುಹಾಕ್ರಿ ಅತ್ಲಾಗ. ಮಾಲಿ ನೀವ ತಂದು ಹಾಕ್ರಿ."

ಆಮೇಲೆ ಎರಡು ದಿನ ಊಟ ಮಾಡಲಿಲ್ಲ. ಮಹಡಿಯಿಂದ ಬಂದ ತಟ್ಟೆ ಬಂದ ಹಾಗೇ ವಾಪಸ್ ಹೋಯಿತು. ಎಲ್ಲರೂ ಮಾವನ ಮುಖ ನೋಡಿದೆವು. ಮಾವ ಯಾರ ಮುಖವನ್ನೂ ನೋಡಲಿಲ್ಲ. ತಮ್ಮ ಕೈಯನ್ನೇ ನೋಡಿಕೊಂಡು ಕೂತಿದ್ದರು. ಕೊನೆಗೆ, "ಅಕಿ ಅಡಗಿ ಅಕಿ ಮಾಡ್ಲಿ ಬಿಡ್ರಿ" ಎಂದಷ್ಟೇ ಹೇಳಿ ಅಂಗಡಿಗೆ ಹೋದರು.

ಮಗಳು ಅದನ್ನು ಕ್ಷಮಿಸಲಿಲ್ಲ. ಅಪ್ಪನಿಗೆ ಬಿಸಿ ಅನ್ನದ ಮುಂದೆ ಹೆಂಡತಿಯ ಬೆರಳು ಕಾಣಲಿಲ್ಲ ಎಂದೇ ಅವಳ ಲೆಕ್ಕ.

ಅಲ್ಲಿಂದ ಮಾವನ ತಿಕ್ಕಲು ಮತ್ತಷ್ಟು ಏರಿತು. ಈಳಿಗೆಮಣೆಯ ಕಾಲು ಅಲ್ಲಾಡುತ್ತದೆ ಎಂದು ರಿಪೇರಿಗೆ ಕೊಟ್ಟು ಬಂದರು. ಅದು ಇವತ್ತಿಗೂ ರಿಪೇರಿಯಲ್ಲೇ ಇದೆ! ಅಂಗಡಿಯಲ್ಲಿ ಹೊಸ ಪದ್ಧತಿ ಶುರುವಾಯಿತು: ಪರೀಕ್ಷೆ. ಬೆಳಗ್ಗೆ ಚೀಲದ ತುಂಬ ಕಾಯಿಪಲ್ಲೆ ಕೊಂಡುತಂದು, ಮಾರುವ ಚಾಕುಗಳಲ್ಲಿ ಒಂದೊಂದನ್ನೇ ತೆಗೆದು ಕುಂಬಳಕಾಯಿ, ಗಜ್ಜರಿ, ಸೌತೆಕಾಯಿ ಹೆಚ್ಚಿ ನೋಡುವರು. ಗಿರಾಕಿ ಇರಲಿ ಬಿಡಲಿ, ಹೆಚ್ಚುವರು. ಹೆಚ್ಚಿದ್ದನ್ನು ಬಿಸಾಕಬಾರದೆಂದು ಡಬ್ಬಿಯಲ್ಲಿ ತುಂಬಿ ಮನೆಗೆ ಒಯ್ಯುವರು.

"ಮಾವಾ, ಚಾಕು ಮಾರಿದ್ದಕ್ಕಿಂತ ಕಾಯಿಪಲ್ಲೆ ಕೊಂಡಿದ್ದ ಹೆಚ್ಚಾತಲ್ರಿ" ಎಂದೆ ಒಮ್ಮೆ.

"ಪರೀಕ್ಷಾ ಮಾಡದ ಮಾಲು ಕೊಡಬಾರದು ಅಳಿಯಾ. ನೀನು ಓದಿದಾಂವ, ನಿನಗ ತಿಳೀಬೇಕು."

ಮನೆಯಲ್ಲಿ ಅತ್ತೆ ಡಬ್ಬಿ ನೋಡಿ ಹಣೆ ಚಚ್ಚಿಕೊಳ್ಳುವಳು. "ತಂದ್ರು ನೋಡು ಪರೀಕ್ಷಾ! ಹೋಳು ನೋಡು, ಒಂದು ಆನಿ ಗಾತ್ರ, ಒಂದು ಇರಿವಿ ಗಾತ್ರ!" ಎನ್ನುತ್ತಲೇ ಒಗ್ಗರಣೆಗೆ ಹಾಕುವಳು. ಉಳಿದಂತೆ ಅವಳ ಪಾಲಿಗೆ ಬರುತ್ತಿದ್ದದ್ದು ಬಾಳೆಹಣ್ಣು, ಬೆಂದ ಆಲೂಗಡ್ಡೆ, ಮೆತ್ತಗಿನ ಟೊಮೇಟೋ. ಅವನ್ನು ಆ ಮೊಂಡು ಚಾಕುವಿನಲ್ಲಿ ಒತ್ತಿ, ಜಜ್ಜಿ, ಬೈದು, ಹೇಗೋ ಹೆಚ್ಚುವಳು. ಸಾರು ಅವಳದೇ ರುಚಿ.

ಈಗ, ಓದುಗರೇ, ನೀವು ಆಗಲೇ ಊಹಿಸಿದ್ದೀರಿ. ನಾನೂ ಊಹಿಸಿದೆ. ಆದರೆ ಊಹೆಯನ್ನು ನಂಬಬಹುದೇ? ತಿಕ್ಕಲು ಮನುಷ್ಯ ತಿಕ್ಕಲು ಕೆಲಸ ಮಾಡಿದರೆ ಅದಕ್ಕೊಂದು ಕಾರಣ ಇರಲೇಬೇಕೆಂದು ಯಾರು ಹೇಳಿದರು?

ನನ್ನ ಬಳಿ ಇದ್ದದ್ದು ಒಂದೇ ನೆನಪು. ಯಾವುದೋ ಬೇಸಿಗೆಯ ಮಧ್ಯಾಹ್ನ ಮಾವ ಪಡಸಾಲೆಯಲ್ಲಿ ಅತ್ತೆಯ ಚಾಕು ಮಸೆಯುತ್ತಿದ್ದರು. ಕಲ್ಲಿನ ಮೇಲಿದ್ದ ಲಗ್ನಪತ್ರಿಕೆಯ ಮೂಲೆಗೆ ಒಂದೇ ಮಡಿಕೆ ಇತ್ತು. ಅರ್ಧ ಮೂಲೆ. ಅಷ್ಟು ಎತ್ತರದ ಓರೆಯಲ್ಲಿ ಮಸೆದರೆ ಇರುವ ಹರಿತವೂ ಹೋಗುತ್ತದಲ್ಲ! "ಮಾವಾ, ಒಂದ ಮಡಿಕಿ ಐತಲ್ರಿ?" ಎಂದೆ. ಅವರು ಕಲ್ಲಿಗೆ ನೀರು ಚಿಮುಕಿಸಿ, "ಸುಮ್ನಿರೋ, ಒಳಗ ಕೇಳತೈತಿ" ಅಂದರು.

ಅಂದರೋ? ಇದೇ ನನಗೆ ತಿಳಿಯದು. ಅದು ಇನ್ನೂ ಮಡಿಚುವುದಿದ್ದ ಪತ್ರಿಕೆ ಇದ್ದೀತು. ಅವರು ಸುಮ್ಮನೆ 'ಸುಮ್ನಿರೋ' ಎಂದಿದ್ದು, ಉಳಿದದ್ದನ್ನು ನಾನೇ ಸೇರಿಸಿಕೊಂಡಿದ್ದೇನು. ಹಸೆಯ ಮೇಲೆ ಕೂತೇ ಅಡುಗೆಮನೆ ಕಂಡವನು ನಾನು!

ಹೋದ ವರ್ಷ ಮಾವ ಲಿಂಗೈಕ್ಯರಾದರು. ಅಂಗಡಿಯಲ್ಲೇ, ಕುರ್ಚಿಯಲ್ಲಿ ಕೂತಂತೆಯೇ ಹೋದರು. ಎದುರಿಗೆ ಅರ್ಧ ಹೆಚ್ಚಿದ ಕುಂಬಳಕಾಯಿ ಇತ್ತೆಂದು ಯಾರೋ ಹೇಳಿದರು. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ವಿವರವನ್ನು ನಾನು ನಂಬುವುದಿಲ್ಲ. ಆದರೂ ಆಗಾಗ ಆ ಕುಂಬಳಕಾಯಿ ಕಣ್ಣ ಮುಂದೆ ಬರುತ್ತದೆ.

ತಿಂಗಳುಗಳು ಕಳೆದ ಮೇಲೆ ಕೊಟ್ಟೂರಿಗೆ ಹೋಗಿದ್ದೆ. ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು, ಸಣ್ಣಗಾಗಿದ್ದಳು. ನನ್ನನ್ನು ನೋಡಿದವಳೇ ಒಳಗೆ ಹೋಗಿ ಚಾಕು ತಂದು ಕೈಗಿಟ್ಟಳು.

"ನಿಮ್ಮ ಮಾವ ಹೋದ ಮ್ಯಾಲೆ ಇದನ್ನ ಯಾರೂ ಕಲ್ಲಿಗೆ ಹಚ್ಚಿಲ್ಲಪಾ. ಅವರು ಇದ್ದಾಗ ಏನು ಭಾರಿ ಹರಿತ ಇತ್ತು ಅಂತಲ್ಲ. ಆದ್ರೂ ಮಸಿಯೋ ಸಪ್ಪಳರ ಕೇಳತಿತ್ತು. ಒಂದೀಟು ಮಸದು ಕೊಡು."

ಚಹ ಇಡಲು ಒಳಗೆ ಹೋದಳು. ಮಗಳು ಮಹಡಿಯಿಂದ ಇಳಿದು ಬಂದಳು, ಕೈಯಲ್ಲಿ ಫಳಫಳ ಹೊಳೆಯುವ ಹೊಸ ಚಾಕು, ಪ್ಯಾಕೆಟ್ಟೂ ಬಿಚ್ಚಿಲ್ಲ.

"ಅದನ್ನ ಒಗಿ ಅತ್ಲಾಗ. ಇದನ್ನ ತರಸೀನಿ. ಅವ್ವ ಒಲಿ ಬಿಡಂಗಿಲ್ಲ ಅಂದ್ರ ಬ್ಯಾಡ. ನೆಟ್ಟಗಿರೋ ಚಾಕರ ಹಿಡೀಲಿ. ಒತ್ತಿ ಒತ್ತಿ ರಟ್ಟಿ ಬಿದ್ದು ಹೋಗ್ಯಾವ ಅಕಿವು." ಧ್ವನಿ ತಗ್ಗಿಸಿ ಮುಂದುವರಿಸಿದಳು. "ಅಪ್ಪಗ ಊರಾಗಿನ ಮಂದಿ ಚಾಕು ಅಂದ್ರ ಪೂಜಿ. ಅವ್ವನ ಚಾಕಿಗೆ ಹೆಂಗರ ಮಾಡಿ ನಾಲ್ಕು ಸಲ ಕೈ ಆಡಿಸಿ ಕೊಟ್ಟುಬಿಡೂದು. ಕಡೀತನಕ ಹಂಗ ಮಾಡಿದ."

ನಾನು ಆ ಮಧ್ಯಾಹ್ನದ ಒಂದು ಮಡಿಕೆಯ ಕಥೆ ಹೇಳಿದೆ. ಅವಳು ಕೇಳಿದಳು, ತಲೆಯಾಡಿಸಿದಳು.

"ನೀ ಕಥಿ ಕಟ್ಟಾಕತ್ತಿ. ಸತ್ತೋರನ್ನ ದೇವರು ಮಾಡೂದು ಎಲ್ಲರಿಗೂ ಬರ್ತೈತಿ. ನೀನೂ ಸುರು ಮಾಡಿದೇನು?"

ನಾನು ಹೇಳಬೇಕಾದ ಮಾತನ್ನು ಅವಳೇ ಹೇಳಿದ್ದಳು! ಚಾಕು ತಿರುಗಿಸಿ ನೋಡುತ್ತಾ ಕೂತೆ. ಆಗ ಎಲ್ಲೋ ಓದಿದ ಒಂದು ಉಪಾಯ ನೆನಪಾಯಿತು. ಚಾಕುವಿನ ಬಾಯಿ ಯಾವ ಓರೆಯಲ್ಲಿದೆ ಎಂದು ತಿಳಿಯಲು ಬಾಯಿಯ ಉದ್ದಕ್ಕೂ ಬಣ್ಣ ಹಚ್ಚಬೇಕು. ಒಂದು ಓರೆಯಲ್ಲಿ ಹಿಡಿದು ಕಲ್ಲಿನ ಮೇಲೆ ಒಮ್ಮೆ ಎಳೆಯಬೇಕು. ಓರೆ ಅದೇ ಆಗಿದ್ದರೆ ಬಣ್ಣವೆಲ್ಲ ಹೋಗುತ್ತದೆ, ಬೇರೆಯಾಗಿದ್ದರೆ ಉಳಿಯುತ್ತದೆ. ಬಾಯಿ ತಾನಾಗಿ ಸವೆದು ಮೊಂಡಾಗಿದ್ದರೆ, ಅಥವಾ ಹೇಗೆ ಬೇಕೋ ಹಾಗೆ ಕೈಯಾಡಿಸಿದ್ದರೆ, ಬಣ್ಣ ಅಲ್ಲಲ್ಲಿ ಹೋಗಿ ಅಲ್ಲಲ್ಲಿ ಉಳಿಯುತ್ತದೆ.

ಟೀಚರಮ್ಮನ ಚೀಲದಲ್ಲಿ ಕೆಂಪು ಸ್ಕೆಚ್ ಪೆನ್ನಿಗೆ ಕೊರತೆಯೇ? ಹಚ್ಚಿದೆವು. ಕಪಾಟಿನಲ್ಲಿ ಯಾರದೋ ಲಗ್ನಪತ್ರಿಕೆ ಸಿಕ್ಕಿತು. ಮೂಲೆಯನ್ನು ಎರಡು ಸಲ ಮಡಿಚಿ ಕಾಲು ಮೂಲೆ ಮಾಡಿ, ಕಂಪನಿ ಓರೆಯಲ್ಲಿ ಎಳೆದೆ. ಬಾಯಿಯ ತುದಿಯ ಬಣ್ಣ ಹಾಗೆಯೇ ಇತ್ತು. "ನೋಡಿದಿ? ಇದಕ್ಕ ಯಾವ ಓರಿನೂ ಇಲ್ಲ" ಎಂದಳು ಅವಳು. ಒಂದು ಮಡಿಕೆ ಬಿಚ್ಚಿ ಕಲ್ಲಿನ ಮೇಲಿಟ್ಟೆ. ಅವಳು ನನ್ನ ಕೈಯಿಂದ ಚಾಕು ಕಸಿದುಕೊಂಡಳು. "ನೀ ಬ್ಯಾಡ. ನೀ ಬೇಕಂದಂಗ ಎಳಿತಿ." ಅರ್ಧ ಮೂಲೆಗೆ ಒರಗಿಸಿ, ಕಾಗದ ತೆಗೆದು, ತಾನೇ ಎಳೆದಳು. ಬೆಳಕಿಗೆ ಹಿಡಿದಳು.

ಬಹಳ ಹೊತ್ತು ಹಿಡಿದೇ ಇದ್ದಳು, ಅವಳಪ್ಪ ಹಿಡಿಯುತ್ತಿದ್ದ ಹಾಗೆಯೇ. ಆಮೇಲೆ ಚಾಕುವನ್ನು ನನ್ನ ತೊಡೆಯ ಮೇಲಿಟ್ಟು, ಹೊಸ ಚಾಕುವಿನ ಪ್ಯಾಕೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮೆಟ್ಟಿಲು ಹತ್ತಿ ಹೋದಳು.

"ಸಪ್ಪಳನ ಇಲ್ಲಲ್ಲೋ, ಮಸಿಯಾಕತ್ತೀಯೋ ಇಲ್ಲೋ?" ಎಂದು ಅತ್ತೆ ಒಳಗಿನಿಂದ ಕೂಗಿದಳು.

ಕಲ್ಲಿಗೆ ನೀರು ಚಿಮುಕಿಸಿದೆ. ಬೀದಿಗೆಲ್ಲ ಕೇಳುವಂತೆ ಕರ್ರ್ ಕರ್ರ್ ಎಂದು ಮಸೆದೆ, ಅರ್ಧ ಮೂಲೆಯಲ್ಲೇ. ಅತ್ತೆ ಚಹ ತಂದಿಟ್ಟು, ಚಾಕು ಇಸಿದುಕೊಂಡು, ಏನೂ ತಿಳಿಯದ ಆ ಹೆಬ್ಬೆರಳನ್ನು ಬಾಯಿಯ ಮೇಲೆ ಆಡಿಸಿದಳು.

"ಹಾಂ, ಈಗ ಸರಿ ಆತು" ಎಂದಳು. "ನಿಮ್ಮ ಮಾವ ಮಾಡಿದಂಗ ಆತು."

ಅವಳು ಹೀಗೇ ಅಂದಳೇ? ಕೊನೆಯ ಮಾತನ್ನು ನಾನು ಸೇರಿಸಿದೆನೇ? ಗೊತ್ತಿಲ್ಲ. ಆ ಬೇಸಿಗೆಯ ಮಧ್ಯಾಹ್ನ ಮಾವ ನನಗೆ ಏನೆಂದರು, ಏನಾದರೂ ಅಂದರೋ ಇಲ್ಲವೋ, ಅದೂ ಇನ್ನು ತಿಳಿಯುವುದಿಲ್ಲ. ಇಬ್ಬರು ಸಾಕ್ಷಿಗಳ ಎದುರು ಪರೀಕ್ಷಿಸಿ ನೋಡಿದ ಒಂದು ಸಂಗತಿ ಮಾತ್ರ ಇದೆ. ಆ ಚಾಕುವನ್ನು ಅರ್ಧ ಮೂಲೆಯಲ್ಲಿ ಒಮ್ಮೆ ಎಳೆದಾಗ, ಹಿಡಿಯಿಂದ ತುದಿಯವರೆಗೆ ಎಲ್ಲಿಯೂ ಒಂದು ಚುಕ್ಕೆ ಕೆಂಪು ಉಳಿದಿರಲಿಲ್ಲ.